ಗ್ರೂಪಿನಲ್ಲಿ ಬಂದ ನನ್ನ ಫೋಟೊ

ಬಸವೇಶ್ವರನಗರಕ್ಕೆ ಬಂದ ವಾರದೊಳಗೆ, ಫೋನಿನಲ್ಲಿ ನನ್ನದೇ ಫೋಟೊ ಬಂತು. ಯಾರದೋ ಗೇಟಿನ ಮೇಲಿನ ಕ್ಯಾಮೆರಾ ತೆಗೆದ ಚಿತ್ರ. ತಲೆ ಮೇಲೆ ಸೆರಗು, ಕೈಯಲ್ಲಿ ಚೀಲ, ಕತ್ತು ಚಾಚಿ ಒಳಗೆ ಇಣುಕುತ್ತಿರುವ ಹೆಂಗಸು. ಕೆಳಗೆ ಹೀಗಿತ್ತು: 'ಈ ಲೇಡಿ ಯಾರು ಗೊತ್ತಾ? ಎಲ್ಲರ ಗೇಟ್ ಹತ್ರ ನಿಂತು ನೋಡ್ತಿದ್ದಾಳೆ. ಹುಷಾರಾಗಿರಿ.'

ಇಳಕಲ್ಲಿನಲ್ಲಿದ್ದಾಗ ಫೋನೆಂದರೆ ನನಗೆ ಮಾತಾಡುವ ಸಾಮಾನು, ಅಷ್ಟೇ. ನಮ್ಮ ಮನೆಯವರಿಗೆ ನಾಯಂಡಹಳ್ಳಿಯ ಗೋದಾಮಿನಲ್ಲಿ ಕೆಲಸ ಸಿಕ್ಕಿ, ಇಲ್ಲಿ ಸರೋಜಮ್ಮನವರ ಮನೆಯ ಕೆಳಗಿನ ಪೋರ್ಷನ್ ಹಿಡಿದೆವು. ಪೋರ್ಷನ್ ಎಂದರೆ ದೊಡ್ಡ ಮನೆಯಲ್ಲಿ ಬಾಡಿಗೆಗೆಂದು ಬೇರೆ ಮಾಡಿದ ಭಾಗ. ಮಹಡಿಯ ಮೇಲಿರುವ ಸರೋಜಮ್ಮ, ನಾವು ಬಂದ ದಿನವೇ ನನ್ನ ಫೋನಿಗೆ ಮೆಸೇಜು ಕಳಿಸುವ ಆ್ಯಪ್ ಹಾಕಿ, ಬೀದಿಯ ಗ್ರೂಪಿಗೆ ಸೇರಿಸಿದ್ದರು. "ನೀರು ಬರಲ್ಲ, ಕರೆಂಟ್ ಇರಲ್ಲ ಅಂತೆಲ್ಲ ಇದ್ರಲ್ಲೇ ಹಾಕ್ತಾರೆ ಕಣಮ್ಮ. ನೋಡ್ತಾ ಇರು."

ಊರಲ್ಲಿ ಯಾರ ಮನೆ ಎಂದು ಹೆಸರು ಹೇಳಿದರೆ ಸಾಕು, ಯಾರಾದರೂ ಬಾಗಿಲ ತನಕ ಬಿಟ್ಟುಬರುತ್ತಾರೆ. ಇಲ್ಲಿ ಉದ್ದದ ಬೀದಿಗೆ ಮೇನ್, ಅಡ್ಡಬೀದಿಗೆ ಕ್ರಾಸ್. ಎಲ್ಲ ಒಂದೇ ಥರ. ಆ ಬೆಳಿಗ್ಗೆ ಗಿರಣಿಯಲ್ಲಿ ಜೋಳ ಬೀಸಿಸಿಕೊಂಡು ಬರುವಾಗ ದಾರಿ ತಪ್ಪಿ, ನಮ್ಮದು ಇದೇನೋ ಎಂದು ಸಿಕ್ಕ ಗೇಟಿಗೆಲ್ಲ ಇಣುಕಿದ್ದೆ.

ಫೋಟೊದ ಕೆಳಗೆ ಮಾತು ಬೆಳೆಯಿತು. 'ಪೊಲೀಸಿಗೆ ಕಳಿಸಿ' ಎಂದು ಒಬ್ಬರು ಬರೆದರು. ನಾನು ಉಟ್ಟಿದ್ದು ಅದೇ ಸೀರೆ. ಬಾಗಿಲು ಹಾಕಿ, ಬೇರೆ ಉಟ್ಟು, ಅದನ್ನು ಟ್ರಂಕಿನ ತಳಕ್ಕೆ ತುರುಕಿದೆ. ತುರುಕುವಾಗಲೇ ಅನ್ನಿಸಿತು, ಕಳ್ಳರೂ ಹೀಗೇ ಮಾಡುತ್ತಾರಲ್ಲ. ಮನೆಯವರು ಫೋನು ಎತ್ತಲಿಲ್ಲ. ಫೋನು ಹಿಡಿದು ಸರೋಜಮ್ಮನವರ ಮೆಟ್ಟಿಲು ಹತ್ತಿದೆ.

"ಅಯ್ಯೋ, ಇದು ನೀನಾ!" ಸರೋಜಮ್ಮ ಕನ್ನಡಕ ಏರಿಸಿ ನೋಡಿದರು. "ನಾನೇ ಹಾಕ್ತೀನಿ ಬಿಡು."

"ಬ್ಯಾಡ್ರೀ, ನಾನ ಹೇಳ್ತೀನಿ. ಆದ್ರ ಫೋನಿನಾಗ ಬರಿಯಾಕ ಬರಂಗಿಲ್ಲ."

"ಹಂಗಾದ್ರೆ ಈ ಮೈಕ್ ಒತ್ಕೊಂಡು ಮಾತಾಡು. ಕೈ ಬಿಟ್ರೆ ಹೋಗುತ್ತೆ."

ಒತ್ತಿದೆ. "ಅಕ್ಕಾರ, ಅಣ್ಣಾರ, ಫೋಟೋದಾಗಿರಾಕಿ ನಾನ ರೀ. ಸರೋಜಮ್ಮಾರ ಮನ್ಯಾಗ ಬಾಡಿಗಿ ಅದೀವಿ. ದಾರಿ ತಪ್ಪಿತ್ರಿ. ನನ್ನ ನೋಡಿ ಅಂಜಬ್ಯಾಡ್ರಿ, ನನಗ ನಿಮ್ಮೆಲ್ಲಾರ್ದು ಅಂಜಿಕಿ ಆಗೇತಿ."

ಬೆರಳೆತ್ತಿದೆ, ಹೋಯಿತು. ಪಕ್ಕದ ಎರಡು ಗೆರೆ ನೀಲಿಯಾದವು. ಎಲ್ಲರೂ ಕೇಳಿದ್ದಾರೆ ಎಂದರು ಸರೋಜಮ್ಮ. ಯಾರೂ ಏನೂ ಬರೆಯಲಿಲ್ಲ. ಊರಲ್ಲಿ ಜನ ಬೈದರೆ ಮುಖವಾದರೂ ಕಾಣುತ್ತದೆ. ಈ ಮೌನಕ್ಕೆ ಮುಖವೇ ಇರಲಿಲ್ಲ.

ಕೊನೆಗೆ ಫೋಟೊ ಹಾಕಿದವರು 'ಸಾರಿ ಕಣಮ್ಮ, ಗೊತ್ತಾಗ್ಲಿಲ್ಲ' ಎಂದು ಬರೆದು, ಫೋಟೊ ಅಳಿಸಿದರು. ಯಾರೋ ನಗುವ ಮುಖ ಹಾಕಿದರು. ನಕ್ಕಿದ್ದು ನನಗೋ, ನನ್ನ ಮಾತಿಗೋ, ತಿಳಿಯಲಿಲ್ಲ. ಮರುದಿನ ತರಕಾರಿ ಗಾಡಿಯ ಹತ್ತಿರ ಒಬ್ಬಾಕೆ, "ಆ ವಾಯ್ಸು ನಿಮ್ದಾ? ದಾರಿ ತಪ್ಪಿದ್ರೆ ಗ್ರೂಪಲ್ಲಿ ಕೇಳಿ, ಹೇಳ್ತೀವಿ" ಎಂದರು. ಎದೆ ಸ್ವಲ್ಪ ಹಗುರಾಯಿತು. ಆದರೂ ಫೋನು ಗುಂಯ್ ಎಂದಾಗಲೆಲ್ಲ ಈಗಲೂ ಬೆಚ್ಚುತ್ತೇನೆ.

ಮೊನ್ನೆ ತಂಗಿ ಇಳಕಲ್ಲಿನಿಂದ ದನಿ ಕಳಿಸಿದ್ದಳು: "ಅಕ್ಕಾ, ಮನೀಗೆ ಯಾವಾಗ ಬರ್ತಿ?"

ರೊಟ್ಟಿ ಬಡಿಯುತ್ತಿದ್ದವಳು ಯೋಚಿಸದೆ ಒತ್ತಿ, "ಮನೇಲೇ ಇದೀನಿ ಕಣೇ" ಎಂದುಬಿಟ್ಟೆ, ಥೇಟ್ ಸರೋಜಮ್ಮನವರ ಹಾಗೆ.

ಅವಳು ಕೇಳಿದಳು. 'ಟೈಪಿಂಗ್' ಎಂದು ಬಂತು, ನಿಂತಿತು. ಮತ್ತೆ ಬಂತು, ಮತ್ತೆ ನಿಂತಿತು. ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿದ್ದರೂ ಅಲ್ಲಾಡದೆ ಅದನ್ನೇ ನೋಡುತ್ತ ನಿಂತೆ.