ಯಾವ ಮರದ ಬುಡದಲ್ಲಿ

ರಾತ್ರಿ ಮಳೆ ಸುರಿದರೆ ನಮ್ಮ ಬಡಾವಣೆಗೆಲ್ಲ ಹಬ್ಬ, ನಮ್ಮವ್ವನಿಗೆ ಮಾತ್ರ ಜಾಗರಣೆ. ಈ ಸಲದ ಬೇಸಿಗೆ ನಮ್ಮನ್ನು ಹುರಿದು ಹಾಕಿತ್ತು. ಕಡೆಗೊಂದು ರಾತ್ರಿ ಗಾಳಿ ಎದ್ದು ಭರಣಿ ಮಳೆ ಬಿತ್ತು. ಭರಣಿ ಸುರಿದರೆ ಧರಣಿ ಬೆಳೆಯುತ್ತದೆ ಎಂದು ಎದುರು ಮನೆಯವರು ಕಿಟಕಿಯಿಂದಲೇ ಕೂಗಿ ಹೇಳಿದರು. ನಾನೂ ಹೌದೆಂದೆ. ಒಳಗೆ ಅವ್ವ ಮಂಚದ ಮೇಲೆ ಎದ್ದು ಕೂತು ಸಜ್ಜದ ಮೇಲೆ ಬೀಳುವ ಹನಿಗಳನ್ನು ಕೇಳುತ್ತಿದ್ದಳು.

ಬೆಳಕು ಹರಿಯುವ ಮೊದಲೇ ಚಪ್ಪಲಿ ಮೆಟ್ಟಿ ಗೇಟಿನ ಹತ್ತಿರ ನಿಂತಿದ್ದಳು.

"ನೀನು ಮನಿಕೊ, ನಾನೊಂದ್ ಗಳಿಗೆ ಓಗ್ಬುಟ್ಟು ಬತ್ತೀನಿ" ಅಂದಳು.

ಎಂಬತ್ತರ ಹತ್ತಿರದ ಹೆಂಗಸು, ರಸ್ತೆಯೆಲ್ಲ ಕೆಸರು. ಜಾರಿ ಬಿದ್ದು ಸೊಂಟ ಮುರಿದುಕೊಂಡರೆ ನೋಡುವವಳು ನಾನೇ ತಾನೇ. ಗೊಣಗುತ್ತಲೇ ಹಿಂದೆ ಹೊರಟೆ.

ನಂಜನಗೂಡಿನಿಂದ ಹೆಮ್ಮರಗಾಲದ ಕಡೆ ಹೋಗುವ ದಾರಿಯ ಈ ಬಡಾವಣೆ ನಾನು ಚಿಕ್ಕವಳಿದ್ದಾಗ ಹೊಲವಾಗಿತ್ತು. ನಾಲೆಯ ಅಂಚಿಗೆ ಸಾಲು ಹೊಂಗೆ, ಸಾಲು ಬೇವು. ನಾನು ಹುಟ್ಟುವ ಮೊದಲು ಅವ್ವನಿಗೊಂದು ಗಂಡು ಮಗುವಾಗಿತ್ತು. ಹೆಸರಿಡುವಷ್ಟು ದಿನವೂ ಅದು ಇರಲಿಲ್ಲ. ಎಳೆ ಕೂಸು ಹೋದರೆ ನಮ್ಮಲ್ಲಿ ತಿಥಿಯಿಲ್ಲ, ಕಲ್ಲಿಲ್ಲ. ಗಂಡಸರು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಯಾವುದೋ ಮರದ ಬುಡದಲ್ಲಿ ಮಣ್ಣು ಮಾಡಿ ಬರುತ್ತಾರೆ. ಹೆತ್ತವಳು ಆ ಜಾಗ ನೋಡಬಾರದು, ಎಲ್ಲಿ ಎಂದು ಕೇಳಲೂಬಾರದು. ಅಂದು ಅಪ್ಪ ಹೋಗಿದ್ದರು, ಜೊತೆಗೆ ಅವ್ವನ ತಮ್ಮ, ಅಂದರೆ ನನ್ನ ಮಾವ. ಮಾವನಿಗೆ ಆಗಿನ್ನೂ ಮೀಸೆ ಚಿಗುರಿರಲಿಲ್ಲ. ಅದೇ ರಾತ್ರಿ ಜೋರು ಮಳೆ ಹುಯ್ಯಿತಂತೆ. ಮಣ್ಣು ಇನ್ನೂ ಸಡಿಲವಾಗಿದೆ, ನೀರು ನಿಂತರೆ ಕೂಸು ಮೇಲೆ ಬಂದುಬಿಡುತ್ತದೆ ಎಂದು ಅವ್ವ ಬಾಣಂತಿ ಕೋಣೆಯಲ್ಲಿ ಬೆಳಗಿನ ತನಕ ಕೂತಿದ್ದಳು. ಅವಳು ಹಾಗೆ ಕೂತದ್ದು ಇನ್ನೂ ಮುಗಿದಿಲ್ಲ.

ಅಪ್ಪ ಬಾಯಿ ಬಿಡದೆಯೇ ತೀರಿಕೊಂಡರು. ಹೊಲಗಳು ಸೈಟುಗಳಾದವು, ಉಳಿದ ಒಂದು ಸೈಟಿನಲ್ಲಿ ನಾವು ಮನೆ ಕಟ್ಟಿಕೊಂಡೆವು. ಮಾವನೂ ಪಕ್ಕದ ಬೀದಿಯಲ್ಲೇ ಇದ್ದಾರೆ. ಹೋದ ವರ್ಷ, ಇಂಥದೇ ಒಂದು ಮಳೆಯ ಮಾರನೆಯ ದಿನ, ಅವ್ವ ಮೊದಲ ಸಲ ಅವರನ್ನು ಬಾಯಿಬಿಟ್ಟು ಕೇಳಿದಳು. ಮಾವ ನಾಲೆ ತಿರುವಿನ ಹೊಂಗೆ ಮರ ತೋರಿಸಿದರು. ಆಮೇಲೆ ಪ್ರತಿ ಮಳೆಯ ಮಾರನೆಯ ಬೆಳಗ್ಗೆ ಅವ್ವ ಅಲ್ಲಿಗೆ ಹೋಗಿ, ಬುಡದ ಮಣ್ಣನ್ನು ಬರಿಗಾಲಿನಲ್ಲಿ ಒತ್ತಿ ಬರುತ್ತಾಳೆ.

ಆ ಬೆಳಗು ಚೆಂದವಾಗಿಯೇ ಇತ್ತು, ನನಗೆ ಸಿಟ್ಟು ಬಂದದ್ದೂ ಅದಕ್ಕೇ. ಬೀದಿ ದೀಪಗಳ ಕೆಳಗೆ ಈಸಲು ಹುಳುಗಳ ರೆಕ್ಕೆ ಉದುರಿ ರಾಶಿ ಬಿದ್ದಿದ್ದವು. ಬಸವನಹುಳುಗಳು ರಸ್ತೆ ದಾಟುತ್ತಿದ್ದವು. ಕಾಂಪೌಂಡಿನಾಚೆ ಯಾರೋ ಆಗಲೇ ರಂಗೋಲಿ ಬಿಡುತ್ತಾ, "ಒಳ್ಳೆ ಮಳೆ ಅಲ್ವೇನಜ್ಜಿ" ಎಂದರು. ಅವ್ವ "ಊಂ ಕಣವ್ವ" ಅಂದಳು. ನಾಲೆಯಾಚೆ ನವಿಲು ಎಳೆ ಕೂಸು ಅತ್ತಂತೆ ಕೂಗಿದಾಗಲೆಲ್ಲ ನಿಂತಳು.

"ನವಿಲು ಕಣವ್ವ" ಅಂದೆ.

"ಗೊತ್ತು" ಅಂದಳು, ಆದರೂ ಮುಂದಿನ ಸಲವೂ ನಿಂತಳು.

ಹೊಸದಾಗಿ ಪಾಯ ತೆಗೆದ ಸೈಟೊಂದರ ಪಕ್ಕ ನೀರು ಮಣ್ಣು ಕೊರೆದು ಏನೋ ಬೆಳ್ಳಗೆ ಕಂಡಿತು. ಇಟ್ಟ ಕಾಲನ್ನು ಹಿಂದಕ್ಕೆಳೆದುಕೊಂಡೆ. ಬಗ್ಗಿ ನೋಡಿದರೆ ಪೈಪಿನ ತುಂಡು. ದೆವ್ವ ಭೂತವೆಂದರೆ ನಗುವವಳು ನಾನು. ಆದರೆ ಈ ಬೀದಿಗಳಲ್ಲಿ ನಾನೂ ನೋಡಿಯೇ ಕಾಲಿಡುತ್ತೇನೆ. ಮುಖ ಕಾಣದ ಅಣ್ಣನೊಬ್ಬ ಯಾರದೋ ಅಡುಗೆಮನೆಯ ಕೆಳಗೆ, ಯಾರದೋ ಕಾರಿನ ಕೆಳಗೆ ಇರಬಹುದೆಂಬ ಭಯ ನನ್ನನ್ನೂ ಬಿಟ್ಟಿಲ್ಲ.

ತಿರುವಿಗೆ ಬಂದೆವು. ಹೊಂಗೆ ಮರ ಇರಲಿಲ್ಲ. ರಾತ್ರಿಯ ಗಾಳಿಗೆ ಬೇರು ಸಮೇತ ಕಿತ್ತು ನಾಲೆಯ ಏರಿಗೆ ಅಡ್ಡಲಾಗಿ ಬಿದ್ದಿತ್ತು. ಬುಡವಿದ್ದ ಕಡೆ ಆಳವಾದ ಗುಂಡಿ, ಅದರ ತುಂಬ ಕೆಂಪು ನೀರು, ನೀರಿನ ಮೇಲೆ ಹೊಂಗೆ ಹೂ. ಅಷ್ಟು ವರ್ಷ ಅವಳು ಹೆದರಿದ್ದೆಲ್ಲ ಕಣ್ಣೆದುರು ಬಾಯಿ ತೆರೆದುಕೊಂಡಿತ್ತು. ತಡೆಯಬೇಕೆಂದುಕೊಂಡೆ, ಕೈಯೇಳಲಿಲ್ಲ. ಅವ್ವ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಮೊಣಕೈ ಮುಳುಗುವ ತನಕ ಕೈಹಾಕಿ ತಡಕಿದಳು. ಬೇರು, ಕಲ್ಲು, ಮತ್ತೆ ಬೇರು.

ಅಷ್ಟರಲ್ಲಿ ಮಾವ ಟವೆಲ್ ಹೊದ್ದುಕೊಂಡು ಓಡೋಡಿ ಬಂದರು. ಅವರಿಗೂ ನಿದ್ದೆ ಬಂದಿರಲಿಲ್ಲವೆಂದು ಕಣ್ಣೇ ಹೇಳುತ್ತಿತ್ತು.

"ಇದಲ್ಲ ಕಣಕ್ಕಾ" ಎಂದರು ಏದುಸಿರು ಬಿಡುತ್ತಾ. "ನಂಗೇ ಮರ್ತೋಗಿತ್ತು. ಅಗೋ, ಆ ಬೇವು."

ನನಗೆ ಮೈ ಉರಿದುಹೋಯಿತು. ಅವರ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದೆ.

"ಓದ್ವರ್ಸ ಹೊಂಗೆ, ಈ ವರ್ಸ ಬೇವು. ಮುಂದ್ಲೊರ್ಸ ಯಾವ್ದು ಮಾವ? ನಿಜ ಏಳಿ."

ಮಾವ ಟವೆಲಿನಿಂದ ಬಾಯಿ ಒರೆಸಿಕೊಂಡರು. "ನಂಗೊತ್ತಿಲ್ಲ ಕಣವ್ವ" ಎಂದರು. "ಏರಿ ಗಂಟ ಕೂಸ್ನ ಎತ್ಕೊಂಡು ಬಂದೋನು ನಾನೇಯ. ಅಲ್ಲಿಂದ ಮುಂದಕ್ಕೋಗಕ್ಕೆ ಎದ್ರಿ ಕೂತ್ಬುಟ್ಟೆ. ನಿಮ್ಮಪ್ಪ ಇಸ್ಕೊಂಡು ಒಬ್ರೇ ಮರದ್ ಸಾಲೊಳಿಕ್ಕೋದ್ರು. ಕತ್ಲಾಗಿತ್ತು. ಅಕ್ಕ ಕೇಳ್ದಾಗ ಗೊತ್ತಿಲ್ಲ ಅನ್ನಕ್ಕೆ ಬಾಯಿ ಬರ್ಲಿಲ್ಲ."

ತಿರುಗಿ ನೋಡಿದರೆ ಅವ್ವ ನಮ್ಮ ಬೆನ್ನ ಹಿಂದೆಯೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ತಮ್ಮನನ್ನು ಬೈಯುತ್ತಾಳೆಂದುಕೊಂಡೆ. ಅವಳು ಜಾರುತ್ತಿದ್ದ ಅವರ ಟವೆಲನ್ನು ಸರಿಯಾಗಿ ಹೊದಿಸಿ, "ಥಂಡೀಲಿ ನಿಂತ್ಕಬ್ಯಾಡ. ಓಗು, ಕಾಪಿ ಕುಡಿ ಓಗು" ಎಂದಳು. ಮಾವ ತಲೆ ತಗ್ಗಿಸಿಕೊಂಡು ಹೋದರು.

ಇನ್ನು ಗೊತ್ತಿರುವವರು ಯಾರೂ ಉಳಿದಿರಲಿಲ್ಲ. ಅವ್ವ ನಾಲೆಯುದ್ದಕ್ಕೂ ಒಮ್ಮೆ ನೋಡಿದಳು. ಮರಗಳಿಂದ ಇನ್ನೂ ಹನಿ ಬೀಳುತ್ತಿತ್ತು.

"ಅವತ್ತು ನಿಮ್ಮಜ್ಜಿ ನನ್ನ ಅಳಕ್ಕೆ ಬುಡ್ನಿಲ್ಲ" ಎಂದಳು. ಈ ಮಾತು ನಾನು ಕೇಳಿದ್ದು ಅದೇ ಮೊದಲು. "ಅತ್ರೆ ಮುಂದಿನ್ ಕೂಸು ನಿಲ್ಲಾಕಿಲ್ಲ ಅಂದ್ರು. ಆಮೇಕೆ ನೀನು ಉಟ್ದೆ."

 ಐವತ್ತು ದಾಟಿ ಮಂಡಿನೋವಿಗೆ ಮಾತ್ರೆ ನುಂಗುವ ನನ್ನ ಮುಖವನ್ನೇ ನೋಡುತ್ತಾ ಕೇಳಿದಳು: "ಈಗ ಅತ್ರೆ ಏನಾರ ಆಯ್ತದಾ?"

"ಏನೂ ಆಗಲ್ಲ. ಅಳವ್ವ" ಅಂದೆ.

ಆದರೂ ಆ ಕೆಸರು ಕೈಯಲ್ಲಿ ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿದುಕೊಂಡ ಮೇಲೆಯೇ ಅವಳು ಅತ್ತಳು.