ಮರೆಗುಳಿ ಮನೆಯ ಮುಷ್ಟಿ ಅಕ್ಕಿ

ನಮ್ಮ ಮನೆಯಲ್ಲಿ ಅಕ್ಕಿ ಕಳವಾಗುತ್ತಿತ್ತು.

ಅದೂ ರೇಶನ್ ಅಕ್ಕಿ. ವಾರಕ್ಕೆಂದು ತಂದದ್ದು ವಾರ ಮುಗಿಯುವ ಮೊದಲೇ ತಳ ಕಾಣುತ್ತಿತ್ತು. ಹೆಂಡತಿಗೆ ಅಂಗಡಿಯವನ ತಕ್ಕಡಿಯ ಮೇಲೆ ಅನುಮಾನ. ನನ್ನ ತಾಯಿ, ಆಯಿಗೆ, ಇಲಿಯ ಮೇಲೆ. ನಾನೋ, ಮುಂಬಯಿಯಲ್ಲಿ ಲಾಜಿಕ್ ಓದಿ ಬಂದವನು. ಪುರಾವೆಯಿಲ್ಲದೆ ಇಲಿಯ ಮೇಲೂ ಆರೋಪ ಹೊರಿಸಲಾರೆ.

ಕಳ್ಳ ಸಿಕ್ಕಿದ್ದು ಮೊನ್ನೆ, ಮಾಸ್ತರರು ಬಂದಾಗ.

ಹೊನ್ನಾವರದವರಿಗೆ ಮಾಸ್ತರರ ಪರಿಚಯ ಬೇಕಿಲ್ಲ. (ಅವರ ಚೀಲ ಕಂಡೊಡನೆ ಹಿತ್ತಿಲ ಬಾಗಿಲಿಂದ ಹೊರಬಿದ್ದವರು ನಿಮ್ಮಲ್ಲೇ ಇದ್ದೀರಿ.) ಭಟ್ಕಳ, ಕುಮಟೆಯವರಿಗಾಗಿ ಹೇಳುತ್ತೇನೆ. ಪೆನ್ಶನ್ ಆದ ಮೇಲೆ ಇವರು ಬಡ ಹುಡುಗರ ಬೋರ್ಡಿಂಗ್ ನಡೆಸುತ್ತಿದ್ದಾರೆ. ಹೊಳೆಯ ಮೇಲಿನ ಊರುಗಳಿಂದ ದೋಣಿಯಲ್ಲಿ ಬಂದು ಹೈಸ್ಕೂಲು ಸೇರಿದವರಿಗೆ ಅಲ್ಲಿ ಎರಡು ಹೊತ್ತು ಊಟ. ಅದಕ್ಕೆಂದು ಮನೆಮನೆಗೆ ಒಂದೊಂದು ಮಡಿಕೆ ಕೊಟ್ಟಿದ್ದಾರೆ. ದಿನಕ್ಕೊಂದು ಮುಷ್ಟಿ ಅಕ್ಕಿ ಅದರಲ್ಲಿ ಹಾಕಬೇಕು; ಕೂಡಿದ್ದನ್ನು ಅವರು ಬಂದು ಚೀಲಕ್ಕೆ ತುಂಬಿ ಒಯ್ಯುತ್ತಾರೆ. ಈ ಡಿಸೆಂಬರದಲ್ಲಿ ಸಾಕಷ್ಟು ಕೂಡದಿದ್ದರೆ ಹೊಸ ವರ್ಷದಿಂದ ರಾತ್ರಿಯೂಟ ಬಂದ್. ಹಸಿದ ಹುಡುಗರು ಎಷ್ಟು ದಿನ ಓದಿಯಾರು? ಬಂದ ದೋಣಿಯನ್ನೇ ಹತ್ತುತ್ತಾರೆ.

ಮಾಸ್ತರರು ಬೆಲ್ಲ ಕಚ್ಚಿ ನೀರು ಕುಡಿದರು.

“ಯಾರ ಮನೆಗೆ ಹೋದ್ರೂ ‘ನಮ್ದು ಕೊಟ್ಟು ಆತಲ’ ಅಂತಾರೆ. ಊರಲ್ಲಿ ಒಬ್ಬರಿಗೂ ಮರೆವಿಲ್ಲ ಮಾರಾಯ್ರೆ. ಈ ಖಾಲಿ ಚೀಲಕ್ಕೆ ಮಾತ್ರ ಎಂತದೂ ನೆನಪಿಲ್ಲ.”

ನನಗೆ ಅಳುಕಾಯಿತು. ಮುಷ್ಟಿ ಹಾಕುವ ಕೆಲಸ ನನ್ನದು. ಹಾಕಿದ್ದೇನೆಯೇ? ಹಾಕಿದ ಹಾಗಿದೆ. ಮಡಿಕೆ ಇಳಿಸಿದೆ. ಕಂಠದವರೆಗೆ ಅಕ್ಕಿ!

ಅಲ್ಲೇ ವಿಚಾರಣೆ ನಡೆಯಿತು. ನಾನು ಬೆಳಿಗ್ಗೆ ಸ್ನಾನ ಮಾಡಿ ಒಂದು ಮುಷ್ಟಿ ಹಾಕುತ್ತೇನೆ. ಕೈ ಒರೆಸುವಷ್ಟರಲ್ಲಿ, ಹಾಕಿದ್ದು ಇವತ್ತೋ ನಿನ್ನೆಯೋ ಎಂದು ಸಂಶಯ, ಇನ್ನೊಂದು ಹಾಕುತ್ತೇನೆ. ನನ್ನ ನೆನಪಿನ ಯೋಗ್ಯತೆ ಬಲ್ಲ ಹೆಂಡತಿ, ಅನ್ನಕ್ಕಿಡುವಾಗ ತಾನೂ ಒಂದು ಹಾಕುತ್ತಿದ್ದಳಂತೆ. ಒಳಗಿಂದ ಆಯಿಯ ದನಿ ಬಂತು: “ನಿಮ್ಮಿಬ್ಬರನ್ನ ನಂಬಿ ಕೂತ್ರೆ ಆ ಮಕ್ಕಳ ಹೊಟ್ಟೆ ಗತಿ ಎಂತ? ನಾನೂ ಹಾಕ್ತಿದ್ದೆ.”

ಇಲಿ ನಿರಪರಾಧಿ.

ಮುಂದಿನ ರೇಶನ್ನಿಗೆ ಇನ್ನೂ ಎರಡು ದಿನವಿತ್ತು, ಡಬ್ಬಿ ಖಾಲಿ. ನಾನು ಲಾಜಿಕ್ ಹೂಡಿದೆ: ದಿನಕ್ಕೊಂದು ಮುಷ್ಟಿಯಷ್ಟೇ ದಾನ, ಉಳಿದದ್ದು ನಮ್ಮ ತಪ್ಪು, ತಪ್ಪನ್ನು ತಿದ್ದಿಕೊಳ್ಳಬಹುದು. ಮಾಸ್ತರರು ಚೀಲದ ಬಾಯಿಯನ್ನು ಅರ್ಧ ಮಡಿಸಿದರು.

ಹೆಂಡತಿ ಮಡಿಕೆಯನ್ನು ನನ್ನ ಮುಂದಿಟ್ಟಳು.

“ಆತು. ಇದರಲ್ಲಿ ದಾನದ ಅಕ್ಕಿ ಯಾವ್ದು, ತಪ್ಪಿನ ಅಕ್ಕಿ ಯಾವ್ದು, ಆರಿಸಿ ಕೊಡಿ.”

ವಿಶ್ವವಿದ್ಯಾಲಯದಲ್ಲಿ ಇದನ್ನು ಕಲಿಸಿರಲಿಲ್ಲ. ನಾನು ಯೋಚಿಸುತ್ತಿದ್ದಂತೆ ಅವಳು ಮಡಿಕೆಯನ್ನು ಚೀಲಕ್ಕೆ ಬೋರಲು ಹಾಕಿದಳು.

ಎರಡು ದಿನ ಗೆಣಸು ತಿಂದೆವು. (ಅದರ ಪರಿಣಾಮಗಳನ್ನು ಮರ್ಯಾದಸ್ಥರ ಪತ್ರಿಕೆಯಲ್ಲಿ ಬರೆಯುವಂತಿಲ್ಲ.) ರೇಶನ್ ಬಂದ ಬೆಳಿಗ್ಗೆ ಖಾಲಿ ಮಡಿಕೆಗೆ ಒಂದು ಮುಷ್ಟಿ ಹಾಕಿದೆ. ಕೈ ಒರೆಸಿದೆ. ಹಾಕಿದೆನೇ? ಇರಲಿ ಎಂದು ಇನ್ನೊಂದು ಹಾಕಿದೆ.

ನಮ್ಮದು ಮರೆಗುಳಿಗಳ ಮನೆ, ಬಿಡಿ. ವರ್ಷ ಮುಗಿಯುತ್ತ ಬಂತು; ಮಾಸ್ತರರ ಚೀಲದಲ್ಲಿ ಇನ್ನೂ ಬೇಕಾದಷ್ಟು ಜಾಗವಿದೆ. ಕೊಟ್ಟದ್ದು ಅಷ್ಟು ಚೆನ್ನಾಗಿ ನೆನಪಿರುವ ನೀವೇ ಹೇಳಿ, ಆ ಚೀಲಕ್ಕೇಕೆ ಅದು ನೆನಪಿಲ್ಲ?