ಹಸಿದವರಿಗೆ ಸ್ಮೈಲ್ ಪ್ಲೀಸ್

ರಜೆ ಹಾಕಿ ಮನೆಯಲ್ಲಿದ್ದ ದಿನ ಕಣ್ಣಾರೆ ಕಂಡಿದ್ದು. ನನ್ನ ಅತ್ತೆ ಬಾಯಿ ತೆರೆದುಕೊಂಡು ಕೂತಿದ್ದರು. ಎದುರಿಗೆ ಚಮಚ, ಚಮಚದಲ್ಲಿ ಗಂಜಿ. ಚಮಚ ಮಾತ್ರ ಮುಂದಕ್ಕೆ ಬರುತ್ತಿಲ್ಲ. ಯಾಕೆ? ಫೋಟೊ ಇನ್ನೂ ತೆಗೆದಾಗಿರಲಿಲ್ಲ.

ಸ್ಟ್ರೋಕ್ ಆದಮೇಲೆ ಅತ್ತೆಯ ಬಲಗೈ ಸೋತಿದೆ. ನಾನು, ನನ್ನ ಗಂಡ ಇಬ್ಬರೂ ವಿಮಾನ ನಗರದ ಆಫೀಸುಗಳಲ್ಲಿ ದಿನ ಕಳೆಯುವವರು. ಹೋಮ್ ಕೇರ್ ಕಂಪನಿಯೊಂದನ್ನು ಹಿಡಿದೆವು. 'ಸ್ವಂತ ಮಗಳ ಹಾಗೆ ನೋಡಿಕೊಳ್ಳುತ್ತೇವೆ' ಎಂದಿತ್ತು ಜಾಹೀರಾತು. (ಯಾವ ಮಗಳು ಗಂಜಿ ಕುಡಿಸಿ ಹೆಡ್ ಆಫೀಸಿಗೆ ವರದಿ ಒಪ್ಪಿಸುತ್ತಾಳೆ?)

ಬಂದವಳು ಭೋರ್ ಕಡೆಯ ಮರಾಠಿ ಹುಡುಗಿ ಸಂಗೀತಾ. ಮಾತ್ರೆಗೆ, ಸ್ನಾನಕ್ಕೆ, ಊಟಕ್ಕೆ ಫೋಟೊ ತೆಗೆದು ಆ್ಯಪ್‌ಗೆ ಹಾಕುವುದು ಅವಳಿಗೆ ಕಂಪನಿಯ ರೂಲ್. ಪೇಷಂಟ್ ನಗುತ್ತಿರಬೇಕು. ನಾನು ಮೀಟಿಂಗಿನ ನಡುವೆ ನೋಡಿ ಒಂದು ಹಾರ್ಟ್ ಒತ್ತುತ್ತಿದ್ದೆ. ಸೊಸೆಯ ಕರ್ತವ್ಯ ಮುಗಿಯಿತು!

ಮರಾಠಿಯಲ್ಲಿ 'ಹಸಾ' ಅಂದರೆ ನಗಿ. ಧಾರವಾಡದ ಅತ್ತೆ ನನ್ನ ಹತ್ತಿರ ಗೊಣಗಿದರು: "ಹೊಟ್ಟಿ ಹಸದು ಕುಂತ್ರ, ಇಕಿ ಹಸಾ ಅಂತಾಳ ನೋಡವಾ."

ಕಳೆದ ವಾರ ಅತ್ತೆಗೆ ಸ್ನಾನ ಮಾಡಿಸುವಾಗ ಸಂಗೀತಾಳ ಫೋನು ಬಕೆಟ್ಟಿಗೆ ಬಿದ್ದು ಸತ್ತಿತು. ಸಂಜೆ ನಾನು ಬಂದಾಗ ಅತ್ತೆಯ ತಲೆಗೆ ಎಣ್ಣೆ ಬಿದ್ದಿತ್ತು, ಜಡೆಯಾಗಿತ್ತು. ಇಬ್ಬರೂ ಅಡುಗೆಮನೆಯಲ್ಲಿ ಕೂತು ಜೋಳದ ಹಿಟ್ಟು ನಾದುತ್ತಿದ್ದರು. ಅತ್ತೆಯ ಸೋತ ಕೈ ಮೇಲೆ ಸಂಗೀತಾಳ ಕೈ. ಭೋರಿನ ಭಾಕರಿ ಹೆಚ್ಚೋ ಧಾರವಾಡದ ರೊಟ್ಟಿ ಹೆಚ್ಚೋ ಎಂದು ಜೋರು ವಾದ. ಅತ್ತೆ ನಗುತ್ತಿದ್ದರು. ಯಾರೂ ಹೇಳಿರಲಿಲ್ಲ.

ಮರುದಿನ ಸೂಪರ್‌ವೈಸರ್ ಫೋನು. ನಿನ್ನೆ ನಿಮ್ಮ ಪೇಷಂಟಿಗೆ ಯಾವುದೇ ಕೇರ್ ಸಿಕ್ಕಿಲ್ಲ, ಕ್ಷಮಿಸಿ, ಹುಡುಗಿಯನ್ನು ಬದಲಾಯಿಸುತ್ತೇವೆ ಎಂದ. ಇಷ್ಟು ದಿನಗಳಲ್ಲಿ ಚೆನ್ನಾಗಿ ನೋಡಿಕೊಂಡಿದ್ದು ನಿನ್ನೆಯೇ ಕಣಪ್ಪಾ ಎಂದೆ.

"ಪ್ರೂಫ್ ಏನಿದೆ ಮ್ಯಾಡಮ್?"

ಸ್ಪೀಕರಿನಲ್ಲಿ ಕೇಳಿಸಿಕೊಂಡ ಅತ್ತೆ ಮಂಚದಿಂದಲೇ ಅಂದರು: "ನಾನ ಇಲ್ಲೆ ಕುಂತೀನಲ್ಲ. ಬಂದು ನೋಡ್ಕೊಂಡು ಹೋಗಂತ ಹೇಳು."

ಹೇಳಿದೆ. ಪೇಷಂಟಿನ ಮಾತನ್ನು ಅಪ್‌ಲೋಡ್ ಮಾಡಲು ಆ್ಯಪ್‌ನಲ್ಲಿ ಜಾಗವಿಲ್ಲವಂತೆ. ನಾನು ಎಷ್ಟು ಜಗಳವಾಡಿದರೂ ಸಂಗೀತಾಳನ್ನು ಬೇರೆ ಮನೆಗೆ ಹಾಕಿದರು. ಹೋಗುವಾಗ ಅವಳು ಅತ್ತೆಯ ಕೈ ಹಿಡಿದು ಅತ್ತಳು. ಆ ಫೋಟೊವನ್ನೂ ಯಾರೂ ತೆಗೆಯಲಿಲ್ಲ.

ಸೋಮವಾರ ಹೊಸಬಳು ಬಂದಳು. ಒಂದು ಕೈಯಲ್ಲಿ ಕಂಪನಿಯ ಫೋನು, ಇನ್ನೊಂದರಲ್ಲಿ ಸ್ಪೇರ್ ಫೋನು.

ಅತ್ತೆಯನ್ನು ಯಾವ ಕೈಯಲ್ಲಿ ಹಿಡಿಯುತ್ತಾಳೆ?